ಬೋಳುಕಾಳು ಮತ್ತು ‘ರೆಟ್’ ಎಂಬ ಕ್ರಿಯಾಪದ

ಬೋಳುಕಾಳು, ಅಂದರೆ ಸಿಪ್ಪೆ ತೆಗೆದ ಬಿಳಿ ಕಾಳುಮೆಣಸು, ಮಾಡುವ ಕ್ರಮ ಹೇಳುವ ಇಂಗ್ಲಿಷ್ ಬರಹಗಳಲ್ಲಿ ‘ರೆಟ್’ ಅಂತ ಒಂದು ಕ್ರಿಯಾಪದ ಬರುತ್ತದೆ. ಕನ್ನಡಕ್ಕೆ ತರುವವರು ಅದನ್ನು ‘ನೆನೆಸಿ’ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಅರ್ಧ ತಾಪತ್ರಯ ಶುರುವಾಗುವುದೇ ಅಲ್ಲಿ. ಕಡಲೆ ನೆನೆಸಿದ ಹಾಗೆ ಮೆಣಸು ನೆನೆಸಿದರೆ ಸಿಪ್ಪೆ ಬಿಡುವುದಿಲ್ಲ.

ಹದಿನೈದನೇ ಶತಮಾನದ ಹೊತ್ತಿಗೆ ಡಚ್ ಸೀಮೆಯ ಮಾತಿನಿಂದ ಇಂಗ್ಲಿಷಿಗೆ ಬಂದ ಪದ ಇದು. ಕೊಳೆ ಎಂಬರ್ಥದ ‘ರಾಟ್’ಗೆ ಹತ್ತಿರದ ನೆಂಟ. ಲಿನನ್ ಬಟ್ಟೆಗಾಗಿ ಅಗಸೆ ದಂಟನ್ನು ನೀರಲ್ಲೋ ಇಬ್ಬನಿಯಲ್ಲೋ ಕೊಳೆಹಾಕಿ ನಾರು ಬಿಡಿಸುವವರ ಮಾತು. ನಾರನ್ನು ದಂಟಿಗೆ ಅಂಟಿಸಿರುವ ಪೆಕ್ಟಿನ್ ಎಂಬ ಅಂಟನ್ನು ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಕರಗಿಸುತ್ತವೆ. ಬೇಗ ತೆಗೆದರೆ ನಾರು ಬಿಡುವುದಿಲ್ಲ, ತಡವಾದರೆ ನಾರೇ ಬಲ ಕಳೆದುಕೊಳ್ಳುತ್ತದೆ. ಬಂಗಾಳದ ಸೆಣಬು, ಕೇರಳದ ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಮುಳುಗಿರುವ ತೆಂಗಿನ ಸಿಪ್ಪೆ, ಎಲ್ಲಕ್ಕೂ ಇದೇ ಕ್ರಿಯಾಪದ. ಹಾಗಾಗಿ ಕನ್ನಡದಲ್ಲಿ ‘ಕೊಳೆಹಾಕು’ ಅಂದರೆ ಸರಿಹೋಗುತ್ತದೆ. ಕೊಳೆ ಅಂದ ಕೂಡಲೇ ಅಡಿಕೆಯ ಕೊಳೆರೋಗ ನೆನಪಾಗಿ ಮಲೆನಾಡಿನವರು ಹೌಹಾರಬಹುದು, ಅದು ಬೇರೆ ಮಾತು.

ಮೆಣಸಿನಲ್ಲೂ ನಡೆಯುವುದು ಅದೇ ಕೆಲಸ. ವ್ಯತ್ಯಾಸವೆಂದರೆ ಇಲ್ಲಿ ಸಿಪ್ಪೆ ಕಸ, ಒಳಗಿನ ಬೀಜ ಸರಕು. ಸಿಪ್ಪೆಸಮೇತ ಒಣಗಿಸುವ ಕರಿಕಾಳಿಗೆ ಕರೆಯಲ್ಲಿ (ಕಾಳಿನ ಗೊಂಚಲಿನಲ್ಲಿ) ಒಂದೆರಡು ಕಾಳು ಹಣ್ಣಾದರೆ ಕೊಯ್ಯಬಹುದು. ಬೋಳುಕಾಳಿಗೆ ಇನ್ನಷ್ಟು ಹಣ್ಣಾಗಲಿ. ಎಳೆಕಾಳಿನ ಸಿಪ್ಪೆ ಬೀಜಕ್ಕೆ ಕಚ್ಚಿಕೊಂಡಿರುತ್ತದೆ, ಒಳಗೂ ಜೊಳ್ಳು. ದಪ್ಪಕಾಳಿನ ಪಣಿಯೂರು-1 ತಳಿ ಇದಕ್ಕೆ ಹೊಂದುತ್ತದೆ. ಕಾಳು ಬಿಡಿಸಿ ಗೋಣಿಚೀಲದಲ್ಲಿ ಸಡಿಲವಾಗಿ ಕಟ್ಟಿ, ಹರಿಯುವ ನೀರಿನಲ್ಲಿ 7ರಿಂದ 10 ದಿನ ಮುಳುಗಿಸಿಡಬೇಕು. ಬೆರಳಲ್ಲಿ ಒತ್ತಿದರೆ ಸಿಪ್ಪೆ ಜಾರಿ ಬೀಜ ಹೊರಬರಬೇಕು. ದಿನದ ಲೆಕ್ಕಕ್ಕಿಂತ ಈ ಪರೀಕ್ಷೆಯನ್ನೇ ನಂಬಿ. ಆಮೇಲೆ ತುಳಿದು ಅಥವಾ ಉಜ್ಜಿ, ಸಿಪ್ಪೆ ಪೂರ್ತಿ ಹೋಗುವವರೆಗೆ ತೊಳೆಯಬೇಕು.

ತೀರ್ಥಹಳ್ಳಿ, ಹೊಸನಗರದ ಕಡೆ ಕೊಯ್ಲು ಮುಗಿಯುವಷ್ಟರಲ್ಲಿ ಎಷ್ಟೋ ಹಳ್ಳ ಬತ್ತಿರುತ್ತವೆ. ಆಗ ತೊಟ್ಟಿಯೇ ಗತಿ. ತೊಟ್ಟಿಯ ನೀರನ್ನು ದಿನವೂ ಬದಲಿಸಲೇಬೇಕು. ನಿಂತ ನೀರಿನಲ್ಲಿ ಗಾಳಿಯಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾ ಸ್ಕ್ಯಾಟೋಲ್, ಬ್ಯುಟಿರಿಕ್ ಆಮ್ಲದಂಥ ವಸ್ತುಗಳನ್ನು ಬಿಡುತ್ತದೆ. ಕೆಲವು ಬೋಳುಕಾಳಿಗೆ ಕೊಟ್ಟಿಗೆಯ ವಾಸನೆ ಬರುವುದು ಅದರಿಂದಲೇ. ಒಮ್ಮೆ ಹತ್ತಿದ ಆ ವಾಸನೆ ಬಿಸಿಲಿಗೂ ಹೋಗುವುದಿಲ್ಲ. ಹಾಗೆಯೇ, ಕೊಳೆತ ನೀರನ್ನು ಕುಡಿಯುವ ನೀರಿನ ಹಳ್ಳಕ್ಕೆ ಬಿಡುವುದು ತಪ್ಪು; ತೆಂಗಿನ ಬುಡಕ್ಕೆ ಹರಿಸಿ.

ತೊಳೆದ ಕಾಳನ್ನು ಅಂದೇ ತೆಳ್ಳಗೆ ಹರಡಬೇಕು. ರಾಶಿ ಹಾಕಿದರೆ ಬೂಷ್ಟು ಬಂದು ಬಣ್ಣ ಕಂದುತ್ತದೆ. ತೇವ ಶೇ. 12ಕ್ಕೆ ಇಳಿಯಲು ಒಳ್ಳೆ ಬಿಸಿಲಿನಲ್ಲಿ ಮೂರ್ನಾಲ್ಕು ದಿನ ಬೇಕು.

ಇನ್ನು ಲಾಭದ ಮಾತು. 100 ಕೆಜಿ ಹಸಿ ಕಾಳುಮೆಣಸಿಗೆ ಕರಿಕಾಳು ಸುಮಾರು 33 ಕೆಜಿ, ಬೋಳುಕಾಳು ಸುಮಾರು 25 ಕೆಜಿ ಸಿಗುತ್ತದೆ. ಅಂದರೆ ಕರಿಕಾಳಿಗಿಂತ ಮೂರನೇ ಒಂದು ಪಾಲು ಹೆಚ್ಚು ದರ ಸಿಕ್ಕರೆ ಸಮ. ಆಳಿನ ಕೂಲಿ ಅದರ ಮೇಲೆ. ಅಷ್ಟು ಕೊಡುವ ವ್ಯಾಪಾರಿ ಸಿಕ್ಕ ಮೇಲೆಯೇ ಚೀಲವನ್ನು ನೀರಿಗಿಳಿಸಿ.