ಐದು ಗುಂಡು, ಅದರ ಮೇಲೆ ಎಷ್ಟು?

ಅಮೆರಿಕದಲ್ಲಿ ದೊಡ್ಡ ಸಮಸ್ಯೆಯೊಂದಿದೆ. ಆಸ್ಪತ್ರೆ ಬಿಲ್ಲು ಅಂದುಕೊಂಡಿರಾ? ಅದನ್ನು ಹೇಗೋ ಸಹಿಸಿಕೊಂಡಿದ್ದಾರೆ. ಬೆಳಿಗ್ಗೆ ಎದ್ದು, ಹಲ್ಲುಜ್ಜಿ, ಕಾಫಿ ಕುಡಿದು, ಸೊಂಟಕ್ಕೆ ರಿವಾಲ್ವರ್ ಸಿಕ್ಕಿಸಿಕೊಂಡು ಹಾಲು ತರಲು ಹೊರಟ ಗೃಹಸ್ಥ, ಜೇಬಿನಲ್ಲಿ ಇನ್ನೂ ಎಷ್ಟು ಗುಂಡು ಹಾಕಿಕೊಳ್ಳಬೇಕು? ಈ ಪ್ರಶ್ನೆ ಮಾತ್ರ ಇನ್ನೂ ಬಗೆಹರಿದಿಲ್ಲ.

ನಗಬೇಡಿ. ಇದರ ಬಗ್ಗೆ ವಿಡಿಯೊಗಳಿವೆ, ತರಬೇತಿಗಳಿವೆ, ಪಂಗಡಗಳಿವೆ. ಪಂಗಡಗಳ ಮಧ್ಯೆ ಜಗಳಗಳೂ ಇವೆ. ಕರ್ಚೀಫು, ಪರ್ಸು, ಬೀಗದ ಕೈ, ಟಾರ್ಚು, ಚಾಕು, ಗನ್ನು. ದಿನಾ ಮೈಮೇಲೆ ಇರಬೇಕಾದ ಈ ಸರಂಜಾಮಿಗೆ ಅವರು 'ಎವೆರಿಡೇ ಕ್ಯಾರಿ' ಅನ್ನುತ್ತಾರೆ. ನಮ್ಮ ತಾತ ಮನೆಯಿಂದ ಹೊರಡುವಾಗ ಕೊಡೆ ಮತ್ತು ನಶ್ಯದ ಡಬ್ಬಿ ತಗೊಳ್ಳುತ್ತಿದ್ದರು. ಅಷ್ಟರಲ್ಲೇ ಎಂಬತ್ತು ದಾಟಿದರು, ಪುಣ್ಯಾತ್ಮರು.

ರಿವಾಲ್ವರ್ ಪಂಗಡದ ಮನೆದೇವರು ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ ಜೆ-ಫ್ರೇಮ್. 1950ರಲ್ಲಿ ಬಂದದ್ದು. ಗಿಡ್ಡ ನಳಿಗೆ, ಪುಟ್ಟ ಹಿಡಿ, .38 ಸ್ಪೆಷಲ್ ಗುಂಡು ಹಾಕಲು ಐದೇ ಐದು ಮನೆ. ಇದರ ಹಗುರ ಮಾದರಿಗಳು ನಾನೂರು ಗ್ರಾಂ ಚಿಲ್ಲರೆ ತೂಗುತ್ತವೆ. ಪ್ಯಾಂಟಿನ ಜೇಬಿನಲ್ಲಿ ಇಟ್ಟರೂ ಗೊತ್ತಾಗುವುದಿಲ್ಲ. ದೊಡ್ಡ ಗನ್ನು ಭಾರ, ಶರ್ಟಿನ ಕೆಳಗೆ ಉಬ್ಬಿ ಕಾಣುತ್ತದೆ, ಕೂತರೆ ಚುಚ್ಚುತ್ತದೆ. ಆದ್ದರಿಂದಲೇ ಇದನ್ನು ಕೊಳ್ಳುತ್ತಾರೆ. ಒಳ್ಳೆಯದು.

ಕೊಂಡ ಮೊದಲ ವಾರ ಆರಾಮ. ಆಮೇಲೆ ಒಂದು ರಾತ್ರಿ ನಿದ್ದೆ ಬರುವುದಿಲ್ಲ. ಐದು ಸಾಕಾ? ಇಬ್ಬರು ಕಳ್ಳರು ಬಂದರೆ ತಲೆಗೆ ಎರಡೂವರೆ. ಮೂವರು ಬಂದರೆ? ಮರುದಿನ ಜೇಬಿಗೆ ಇನ್ನೈದು ಗುಂಡು ಬೀಳುತ್ತದೆ. ಆ ರಾತ್ರಿ ಕನಸಿನಲ್ಲಿ ಆರು ಜನ ಬರುತ್ತಾರೆ. ಎಡ ಜೇಬಿಗೆ ಮತ್ತೈದು. ಒಂದು .38 ಗುಂಡು ಸುಮಾರು 15 ಗ್ರಾಂ. ಹೀಗೇ ಜೇಬು ತುಂಬುತ್ತಾ ಹೋಗಿ, ಭಾರ ಬೇಡ ಅಂತ ಚಿಕ್ಕ ಗನ್ನು ತಂದವನು ಕೊನೆಗೆ ದೊಡ್ಡ ಗನ್ನಿನಷ್ಟೇ ಭಾರ ಹೊತ್ತು, ಪ್ಯಾಂಟು ಎಳೆದುಕೊಳ್ಳುತ್ತಾ ಓಡಾಡುತ್ತಾನೆ. 2018ರಲ್ಲಿ ಬಂದ ಸಿಗ್ ಪಿ365 ಅನ್ನುವ ಪುಟ್ಟ ಪಿಸ್ತೂಲಿನ ಮ್ಯಾಗಜೀನಿನಲ್ಲೇ, ಅಂದರೆ ಹಿಡಿಯೊಳಗೆ ತೂರಿಸುವ ಗುಂಡಿನ ಡಬ್ಬಿಯಲ್ಲೇ, ಹತ್ತು ಗುಂಡು ಹಿಡಿಯುತ್ತದೆ. ಅದನ್ನೇ ತಗೊಳ್ಳಬಹುದಲ್ಲ ಅಂತ ಮಾತ್ರ ಇವರ ಹತ್ತಿರ ಕೇಳಬೇಡಿ. ಮನೆದೇವರನ್ನು ಬದಲಾಯಿಸು ಅಂದಂತಾಗುತ್ತದೆ.

ಇನ್ನು ಹೆಚ್ಚಿನ ಗುಂಡನ್ನು ಒಯ್ಯುವುದು ಹೇಗೆ ಅನ್ನುವುದು ಬೇರೆಯೇ ಶಾಸ್ತ್ರ. ಸ್ಪೀಡ್‌ಲೋಡರ್ ಅಂತ ಒಂದಿದೆ. ದುಂಡಗಿರುತ್ತದೆ, ಐದನ್ನೂ ಒಟ್ಟಿಗೆ ಇಳಿಸುತ್ತದೆ, ಜೇಬಿನಲ್ಲಿ ಉಬ್ಬಿಕೊಂಡು ಮಾನ ಕಳೆಯುತ್ತದೆ. ಸ್ಪೀಡ್ ಸ್ಟ್ರಿಪ್ ಅಂತ ಇನ್ನೊಂದು. ಚಪ್ಪಟೆ ರಬ್ಬರ್ ಪಟ್ಟಿ, ಆರು ಗುಂಡು ಹಿಡಿಯುತ್ತದೆ. ಆದರೆ ತಿಳಿದವರು ಅದರಲ್ಲಿ ಆರು ಇಡುವುದಿಲ್ಲ. ಎರಡು ಇಟ್ಟು, ಸಂದಿ ಬಿಟ್ಟು, ಮತ್ತೆ ಎರಡು ಇಡುತ್ತಾರೆ. ಸಂದಿ ಇದ್ದರೆ ಬೆರಳಿಗೆ ಹಿಡಿತ ಸಿಗುತ್ತದಂತೆ. ಅಂದರೆ ಐದು ಸಾಲದು ಅಂತ ಶುರುವಾದ ಚಿಂತೆ, ಆರು ಹಿಡಿಯುವ ಪಟ್ಟಿಯಲ್ಲಿ ನಾಲ್ಕನ್ನು ಇಟ್ಟುಕೊಂಡಾಗ ಸಮಾಧಾನವಾಯಿತು.

ಜೆರ್ರಿ ಮಿಕ್ಯುಲೆಕ್ ಅನ್ನುವ ಶೂಟರ್ 1999ರಲ್ಲಿ ಒಂದೇ ರಿವಾಲ್ವರಿನಿಂದ ಆರು ಗುಂಡು ಹೊಡೆದು, ಮತ್ತೆ ತುಂಬಿ, ಇನ್ನಾರು ಹೊಡೆದರು. ಎಲ್ಲ ಸೇರಿ 2.99 ಸೆಕೆಂಡು. ಜೇಬಿನಲ್ಲಿ ಸ್ಪೀಡ್‌ಲೋಡರ್ ಇಟ್ಟುಕೊಂಡ ಪ್ರತಿಯೊಬ್ಬರ ತಲೆಯಲ್ಲೂ ಓಡುವುದು ಈ ಸಿನಿಮಾನೇ. ಆದರೆ ಅವರದು ಜೀವಮಾನದ ಸಾಧನೆ, ಎದುರಿಗಿದ್ದದ್ದು ತಿರುಗಿ ಹೊಡೆಯದ ಗುರಿ ಹಲಗೆ. ನಮ್ಮ ಗೃಹಸ್ಥನ ಜೇಬಿನಲ್ಲಿ ಅದೇ ಸ್ಪೀಡ್‌ಲೋಡರ್ ಕಾರಿನ ಕೀ, ಟಿಶ್ಯೂ, ಮಗುವಿನ ಚೂಯಿಂಗ್ ಗಮ್ ಇವೆಲ್ಲದರ ಅಡಿಯಲ್ಲಿ ಮಲಗಿರುತ್ತದೆ.

ಗುಂಡು ತುಂಬುವ ತಾಪತ್ರಯವೇ ಬೇಡ ಅನ್ನುವವರಿಗೂ ಉಪಾಯವಿದೆ. ಇನ್ನೊಂದು ರಿವಾಲ್ವರ್ ಇಟ್ಟುಕೊಳ್ಳುವುದು! ಇದಕ್ಕೆ 'ನ್ಯೂಯಾರ್ಕ್ ರೀಲೋಡ್' ಅಂತ ಹೆಸರು. ಮಜಾ ಏನಂದರೆ, ನ್ಯೂಯಾರ್ಕಿನಲ್ಲಿ ಸಾಮಾನ್ಯ ಮನುಷ್ಯನಿಗೆ ಒಂದು ಗನ್ನು ಒಯ್ಯಲು ಪರ್ಮಿಟ್ ಸಿಗುವುದೇ ದೊಡ್ಡ ಸಾಹಸವಾಗಿತ್ತು. 2022ರಲ್ಲಿ ಸುಪ್ರೀಂ ಕೋರ್ಟ್ ಅಡ್ಡ ಬಂದ ಮೇಲೆ ಸ್ವಲ್ಪ ಸಡಿಲವಾಯಿತು. ಅಲ್ಲಿನ ಪೊಲೀಸರೋ, 1993ರಲ್ಲೇ ರಿವಾಲ್ವರಿನಿಂದ ಪಿಸ್ತೂಲಿಗೆ ಹೊರಳತೊಡಗಿದರು. ಪೊಲೀಸರು ಬಿಟ್ಟರು, ಎಫ್‌ಬಿಐ ಬಿಟ್ಟಿತು. ಹಾಲು ತರಲು ಹೊರಟವನು ಬಿಟ್ಟಿಲ್ಲ.

ಸರಿ, ಸರ್ಕಾರವಾದರೂ ಒಂದು ಲೆಕ್ಕ ಹೇಳಬಹುದಲ್ಲ? ಅದೇ ನ್ಯೂಯಾರ್ಕ್ 2013ರಲ್ಲಿ ಪ್ರಯತ್ನಪಟ್ಟಿತು. ಮ್ಯಾಗಜೀನು ಹತ್ತು ಗುಂಡಿನದು ಇರಬಹುದು, ಆದರೆ ಒಳಗೆ ಏಳಕ್ಕಿಂತ ಜಾಸ್ತಿ ಹಾಕಬಾರದು ಅಂತ ಕಾನೂನು ಮಾಡಿತು. ಎಂಟನೆಯದನ್ನು ಹಾಕಿದರೆ ಅಪರಾಧ. ಕಳ್ಳನೂ ಮನೆಯಲ್ಲಿ ಕೂತು ಏಳರ ತನಕ ಎಣಿಸಿಕೊಂಡು ಬರುತ್ತಾನೆ ಅಂತ ಯಾರಿಗೆ ಹೊಳೆಯಿತೋ. ಏಳೇ ಯಾಕೆ ಅನ್ನುವುದಕ್ಕೆ ಸರಿಯಾದ ಸಮರ್ಥನೆ ಇಲ್ಲ ಅಂತ ಫೆಡರಲ್ ನ್ಯಾಯಾಧೀಶರು ಆ ವರ್ಷದ ಕೊನೆಯ ದಿನ ಅದನ್ನು ಹೊಡೆದುಹಾಕಿದರು.

ಜಾರ್ಜಿಯಾ ರಾಜ್ಯದ ಕೆನೆಸಾ ಊರಿನದು ಇದರ ತದ್ವಿರುದ್ಧ. ಇಲಿನಾಯ್‌ನ ಮಾರ್ಟನ್ ಗ್ರೋವ್ ಅನ್ನುವ ಊರು 1981ರಲ್ಲಿ ಕೈಬಂದೂಕು ನಿಷೇಧಿಸಿತು. ಅದಕ್ಕೆ ಸಿಟ್ಟಿಗೆದ್ದ ಕೆನೆಸಾ 1982ರಲ್ಲಿ ಉಲ್ಟಾ ಕಾನೂನು ತಂದಿತು. ಪ್ರತಿ ಮನೆಯ ಯಜಮಾನನೂ ಬಂದೂಕು ಇಟ್ಟುಕೊಳ್ಳಲೇಬೇಕು, ಜೊತೆಗೆ ಅದರ ಗುಂಡೂ ಇರಬೇಕು. ಇಟ್ಟುಕೊಳ್ಳಲು ಮನಸ್ಸಾಕ್ಷಿ ಒಪ್ಪದವರಿಗೆ ವಿನಾಯಿತಿ, ಬಡವರಿಗೆ ವಿನಾಯಿತಿ, ಅಂಗವಿಕಲರಿಗೂ ವಿನಾಯಿತಿ. ಯಾರ ಮನೆಗೂ ಹೋಗಿ ತಪಾಸಣೆ ಮಾಡಿದ್ದೇ ಇಲ್ಲ. ಪಾಲಿಸಬೇಕಾಗಿಲ್ಲದ ಕಡ್ಡಾಯ ಕಾನೂನು! ಇಂಥದ್ದು ನಮ್ಮಲ್ಲಿ ಮಾತ್ರ ಇರುತ್ತದೆ ಅಂದುಕೊಂಡಿದ್ದೆ. ಅದಿರಲಿ, ನಮ್ಮ ಪ್ರಶ್ನೆಗೆ ಅಲ್ಲೂ ಉತ್ತರವಿಲ್ಲ. ಗುಂಡು ಇರಬೇಕು ಅಂತಿದೆ, ಎಷ್ಟು ಅಂತ ಬರೆದಿಲ್ಲ.

ಮನೆಯಲ್ಲಿ ಖಾಲಿಯಾದರೂ ಹೆದರಬೇಕಿಲ್ಲ. 2024ರ ಹೊತ್ತಿಗೆ ಅಲಬಾಮಾ, ಒಕ್ಲಹೋಮ, ಟೆಕ್ಸಾಸ್ ರಾಜ್ಯಗಳ ಕೆಲವು ದಿನಸಿ ಅಂಗಡಿಗಳಲ್ಲಿ ಗುಂಡು ಮಾರುವ ಯಂತ್ರಗಳು ಬಂದು ನಿಂತವು. ಎಟಿಎಂ ಥರ. ಗುರುತಿನ ಚೀಟಿ ತೋರಿಸಿ, ಕ್ಯಾಮೆರಾಗೆ ಮುಖ ತೋರಿಸಿ, ಕಾರ್ಡು ಕೊಡಿ, ಡಬ್ಬ ಕೆಳಗೆ ಬೀಳುತ್ತದೆ. ಕೃತಕ ಬುದ್ಧಿಮತ್ತೆ ನಿಮ್ಮ ಮುಖವನ್ನು ಚೀಟಿಯಲ್ಲಿರುವ ಮುಖದ ಜೊತೆ ಹೋಲಿಸಿ ನೋಡುತ್ತದೆ. ಮುಖದಲ್ಲಿರುವ ಸಿಟ್ಟನ್ನು ನೋಡುವುದಿಲ್ಲ. ಅದಕ್ಕೆ ಅಷ್ಟು ಬುದ್ಧಿ ಬಂದರೆ ವ್ಯಾಪಾರ ನಡೆಯಬೇಕಲ್ಲ!

ಡಲ್ಲಾಸಿನಲ್ಲಿ ನಮ್ಮ ಚಿಕ್ಕಪ್ಪನ ಮಗ ಇದ್ದಾನೆ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರಿನಿಂದ 21 ತುಂಬಿದ, ಕಾನೂನಿನ ತಡೆ ಇಲ್ಲದ ಯಾರೇ ಆದರೂ ಲೈಸೆನ್ಸ್ ಇಲ್ಲದೆ ಕೈಬಂದೂಕು ಒಯ್ಯಬಹುದು. ಎಚ್-1ಬಿ ವೀಸಾದಲ್ಲಿದ್ದಾಗ ಇವನ ಕೈಗೆ ಗನ್ನು ಎಟುಕುತ್ತಿರಲಿಲ್ಲ. ಆ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಆದರೆ ಶಿಕಾರಿ ಲೈಸೆನ್ಸ್ ಒಂದು ಇದ್ದರೆ ಇಟ್ಟುಕೊಳ್ಳಬಹುದು! ಹಂದಿ ಜಿಂಕೆಗಳ ಮೇಲೆ ಕಣ್ಣಿದ್ದರೆ ನೀವು ನಂಬಿಕಸ್ಥರು ಅಂತ ಲೆಕ್ಕ. ಇವನು ಅಪ್ಪಟ ಸಸ್ಯಾಹಾರಿ, ಆದ್ದರಿಂದ ಗ್ರೀನ್ ಕಾರ್ಡ್ ಬರುವ ತನಕ ಕಾದ. ಈಗ ಐದರ ಮೇಲೆ ಹತ್ತು ಒಯ್ಯುತ್ತಾನೆ.

"ಯಾಕಪ್ಪ ಅಷ್ಟೊಂದು?" ಅಂದೆ ಫೋನಿನಲ್ಲಿ.

"ಅಣ್ಣಾ, ನೀನು ಕಾರಲ್ಲಿ ಸ್ಟೆಪ್ನಿ ಇಟ್ಕೊಳ್ಳಲ್ವಾ? ಹಂಗೇ."

"ಒಂದು ಇಟ್ಕೋತೀನಿ. ಎರಡು ಸೆಟ್ ಟೈರು ಹೊತ್ಕೊಂಡು ಓಡಾಡಲ್ಲ. ಇಲ್ಲಿವರೆಗೆ ಒಂದಾದ್ರೂ ಹಾರಿಸಿದ್ಯಾ?"

"ಇಲ್ಲ. ಅದಕ್ಕೇ ಸೇಫ್ ಆಗಿದೀನಿ."

ಈ ತರ್ಕಕ್ಕೆ ಎದುರು ಮಾತಾಡಿ ಗೆದ್ದವರಿಲ್ಲ. ಏನೂ ಆಗದಿದ್ದರೆ ಅದು ಗುಂಡು ಇದ್ದದ್ದರಿಂದ. ಏನಾದರೂ ಆಗಿದ್ದರೆ ಗುಂಡು ಕಮ್ಮಿಯಾಗಿತ್ತು. ಎರಡೂ ಕಡೆ ಅಂಗಡಿಯವನಿಗೇ ಲಾಭ. 2023ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 46,000ಕ್ಕೂ ಜಾಸ್ತಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಅಲ್ಲಿ ಸ್ಪೀಡ್‌ಲೋಡರ್‌ಗೆ ಕೆಲಸವೇ ಇರುವುದಿಲ್ಲ. ಆರು ಜನ ಕಳ್ಳರ ಲೆಕ್ಕ ಹಾಕುವವರು ಈ ಲೆಕ್ಕವನ್ನು ಯಾಕೋ ಎತ್ತುವುದೇ ಇಲ್ಲ.

ಬಂದೂಕು ಅಂದರೆ ಏನು ಅಂತ ನಮಗೆ ಗೊತ್ತಿಲ್ಲದೇನೂ ಇಲ್ಲ. ಕೊಡಗಿನವರಿಗೆ ಲೈಸೆನ್ಸಿನ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ, ಸದ್ಯಕ್ಕೆ 2029ರವರೆಗೆ ಮುಂದುವರಿದಿದೆ. ಅವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂವು, ಮುಡಿಸಿ ಪೂಜೆ ಮಾಡುತ್ತಾರೆ. ಸಂಪ್ರದಾಯದಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಎರಡು. ಹುಟ್ಟಿನಿಂದ ಸಾವಿನ ತನಕ ಒಬ್ಬನ ಖರ್ಚು ಮೂರು ಗುಂಡು. ಹಬ್ಬದಲ್ಲಿ ತೆಂಗಿನಕಾಯಿಗೆ ಹೊಡೆಯುವುದನ್ನು ಬೇರೆ ಸೇರಿಸಿಕೊಳ್ಳಿ. ಹಾಲಿನಂಗಡಿಗೆ ಹೋಗುವ ಡಲ್ಲಾಸಿನವನಿಗೆ ಹದಿನೈದು ಬೇಕು.

ಇಷ್ಟೆಲ್ಲ ಎಣಿಸಿ, ತೂಗಿ, ಸಂದಿ ಬಿಟ್ಟು ಜೋಡಿಸಿಕೊಳ್ಳುವವರು ಬಹಳ ಎಚ್ಚರದ ಜನ ಇರಬೇಕು, ಅಲ್ವಾ? ಅಲ್ಲಿನ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 2023ರಲ್ಲಿ ಕೈಚೀಲಗಳೊಳಗೆ ಸಿಕ್ಕ ಬಂದೂಕುಗಳು 6,737. ದಿನಕ್ಕೆ ಹದಿನೆಂಟು. ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಬಂದೂಕುಗಳಲ್ಲಿ ಗುಂಡು ತುಂಬಿಯೇ ಇತ್ತು. ಮರುವರ್ಷ 6,678. ಯಾಕೆ ತಂದಿರಿ ಸ್ವಾಮಿ ಅಂತ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: "ಬ್ಯಾಗಿನಲ್ಲಿ ಇದೆ ಅನ್ನೋದೇ ಮರೆತುಹೋಗಿತ್ತು." ಕಳ್ಳ ಬಂದ ಕ್ಷಣದಲ್ಲಿ ನೆನಪಾಗಬೇಕಾದ ಗನ್ನು ಇದೇ. ಬೆಲ್ಟು ಬಿಚ್ಚಿ, ನೀರಿನ ಬಾಟಲಿ ಎಸೆದು ಸಾಲಿನಲ್ಲಿ ನಿಂತಾಗಲೂ ನೆನಪಾಗದ ಗನ್ನೂ ಇದೇ. 2025ರ ಹೊತ್ತಿಗೆ ದಂಡ ಸುಮಾರು 17,000 ಡಾಲರಿನ ತನಕ ಬೀಳಬಹುದಿತ್ತು. ಅಷ್ಟಕ್ಕೆ ಎಷ್ಟು ಸ್ಪೀಡ್‌ಲೋಡರ್ ಬರುತ್ತಿತ್ತೋ.

ಸಿಕ್ಕಿಬೀಳದೆ ಒಯ್ಯಲು ಸರಿಯಾದ ದಾರಿಯೂ ಇದೆ. ಗುಂಡು ತೆಗೆದು, ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೌಂಟರಿನಲ್ಲಿ ಹೇಳಿ, ಚೆಕ್-ಇನ್ ಲಗೇಜಿಗೆ ಕೊಡಬೇಕು. ಗುಂಡನ್ನೂ ಅದರ ಡಬ್ಬದಲ್ಲೇ ಕಳಿಸಬಹುದು. ಎಷ್ಟು ಅನ್ನುವ ಪ್ರಶ್ನೆಗೆ ಕೊನೆಗೂ ನೇರ ಉತ್ತರ ಸಿಗುವುದು ಇಲ್ಲೇ. ಅಮೆರಿಕದ ದೊಡ್ಡ ವಿಮಾನ ಕಂಪನಿಗಳ ಮಿತಿ 11 ಪೌಂಡು, ಅಂದರೆ 5 ಕಿಲೊ. ಗುಂಡಿಗೆ 15 ಗ್ರಾಂ ಅಂದರೆ ಮುನ್ನೂರ ಮೂವತ್ತರ ಹತ್ತಿರ. ಜೆ-ಫ್ರೇಮನ್ನು ಅರವತ್ತಾರು ಸಲ ತುಂಬಬಹುದು. ತಮ್ಮನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಡಬ್ಬದ ತೂಕಾನೂ ಸೇರಿಸಿ ಐದು ಕಿಲೋನಾ ಅಣ್ಣಾ?" ಅಂದ.