ಬ್ರೈಟ್‌ನೆಸ್ ಕೀ ಕೆಲಸ ಮಾಡ್ತಿಲ್ವಾ? ಗ್ರಬ್‌ಗೆ ಕೈ ಹಾಕೋ ಮುಂಚೆ ಒಂದು ಫೋಲ್ಡರ್ ನೋಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಹಳೇ ಲ್ಯಾಪ್‌ಟಾಪ್ ಇಟ್ಕೊಂಡಿರೋ ನೆಂಟರಿಷ್ಟರು ಒಬ್ಬೊಬ್ಬರೇ ಲಿನಕ್ಸ್ ಕಡೆ ಬರ್ತಿದ್ದಾರೆ. ಸಂತೋಷದ ವಿಷಯಾನೇ. ಆದರೆ ಹಾಕಿಸಿಕೊಂಡ ಮಾರನೇ ದಿನ ಫೋನ್ ಬರುತ್ತೆ: "ಎಲ್ಲ ಚೆನ್ನಾಗಿದೆ ಕಣೋ, ಸ್ಕ್ರೀನ್ ಬೆಳಕು ಮಾತ್ರ ಕಮ್ಮಿ ಆಗ್ತಾನೇ ಇಲ್ಲ. ರಾತ್ರಿ ಕಣ್ಣು ಉರಿ."

ಇದಕ್ಕೆ ನಮ್ಮ ಲಿನಕ್ಸ್ ಪಂಡಿತರು ಕೊಡೋ ಉತ್ತರ ಕಂಡರೆ ನನಗೆ ಮೈಯೆಲ್ಲ ಉರಿಯುತ್ತೆ. ಯಂತ್ರ ಯಾವುದು, ಕರ್ನಲ್ (ಲಿನಕ್ಸಿನ ತಿರುಳು) ಯಾವುದು, ಗ್ರಾಫಿಕ್ಸ್ ಚಿಪ್ ಯಾರದ್ದು ಅಂತ ಒಂದು ಮಾತೂ ಕೇಳಲ್ಲ. "ಗ್ರಬ್ ಫೈಲ್‌ನಲ್ಲಿ ಈ ಸಾಲು ಸೇರಿಸಿ, ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿ." (ಗ್ರಬ್ ಅಂದರೆ ಲಿನಕ್ಸನ್ನ ಬೂಟ್ ಮಾಡಿಸೋ ಪ್ರೋಗ್ರಾಂ.) ಆಗಲಿಲ್ವಾ? "ಹಾಗಾದ್ರೆ ಇದನ್ನೂ ಸೇರಿಸಿ." ಹೀಗೆ ಸೇರಿಸಿ ಸೇರಿಸಿ ಒಂದಕ್ಕೊಂದು ಹೊಂದದ ನಾಲ್ಕಾರು ಪ್ಯಾರಾಮೀಟರ್ (ಬೂಟ್ ಆಗುವಾಗ ಕರ್ನಲ್ಲಿಗೆ ಕೊಡೋ ಸೂಚನೆ) ಹೊತ್ಕೊಂಡು ಬೂಟ್ ಆಗೋ ಲ್ಯಾಪ್‌ಟಾಪ್‌ಗಳನ್ನ ನೋಡಿದ್ದೀನಿ. ಯಾವುದು ಯಾಕಿದೆ ಅಂತ ಯಂತ್ರದ ಮಾಲೀಕರಿಗೂ ಗೊತ್ತಿಲ್ಲ, ಸಲಹೆ ಕೊಟ್ಟೋರಿಗೂ ಗೊತ್ತಿಲ್ಲ.

ಇನ್ನೊಂದು ಗುಂಪು ಎಕ್ಸ್‌ರ‍್ಯಾಂಡರ್ ಭಕ್ತರದ್ದು. ಪರದೆಯ ಸೆಟ್ಟಿಂಗ್ ಬದಲಾಯಿಸೋ ಆ ಕಮಾಂಡಿಗೆ ಬೆಳಕು 0.5 ಅಂತ ಕೊಟ್ಟರೆ ಪರದೆ ಮಂಕಾಗೋದೇನೋ ನಿಜ. ಆದರೆ ಅದು ಮಂಕು ಮಾಡೋದು ಚಿತ್ರವನ್ನ. ಹಿಂದೆ ಇರೋ ಎಲ್‌ಇಡಿ ಪೂರ್ತಿ ಉರೀತಾನೇ ಇರುತ್ತೆ, ಬ್ಯಾಟರಿಯಲ್ಲಿ ಒಂದು ನಿಮಿಷವೂ ಉಳಿಯಲ್ಲ, ಕಪ್ಪು ಬಣ್ಣ ಬೂದಿ ಥರ ಕಾಣುತ್ತೆ. ವೇಲ್ಯಾಂಡ್ (ಪರದೆಗೆ ಚಿತ್ರ ಕಳಿಸೋ ಹೊಸ ವ್ಯವಸ್ಥೆ) ಇರೋ ಡೆಸ್ಕ್‌ಟಾಪ್‌ನಲ್ಲಂತೂ ಅದು ನಡೆಯೋದೇ ಇಲ್ಲ. ತಗಡು ಸೋರ್ತಿದ್ರೆ ಕೆಳಗೆ ಪಾತ್ರೆ ಇಟ್ಟ ಹಾಗೆ ಅಷ್ಟೇ. ಒಂದು ರಾತ್ರಿಗೆ ಸರಿ, ಅದನ್ನೇ "ಸಾಲ್ವ್ಡ್" ಅಂತ ಕರೀಬೇಡಿ.

ನಾನು ಹೇಳೋದು ಇಷ್ಟು. ಬೆಳಕಿನ ಹಿಡಿತ ಯಾರ ಕೈಯಲ್ಲಿದೆ ಅಂತ ಮೊದಲು ಯಂತ್ರವನ್ನೇ ಕೇಳಿ. ಕೇಳೋದು ಕಷ್ಟವೇನಲ್ಲ. ರೂಟ್ ಡೈರೆಕ್ಟರಿಯಲ್ಲಿ 'ಸಿಸ್' ಅಂತ ಇದೆ, ಅದರೊಳಗೆ 'ಕ್ಲಾಸ್', ಅದರೊಳಗೆ 'ಬ್ಯಾಕ್‌ಲೈಟ್'. ಅಲ್ಲಿ ಕಾಣೋ ಒಂದೊಂದು ಹೆಸರೂ ಬೆಳಕು ಬದಲಾಯಿಸೋ ಒಂದೊಂದು ದಾರಿ. ಪ್ರತಿ ಹೆಸರಿನೊಳಗೂ 'ಬ್ರೈಟ್‌ನೆಸ್', 'ಮ್ಯಾಕ್ಸ್ ಬ್ರೈಟ್‌ನೆಸ್', 'ಟೈಪ್' ಅನ್ನೋ ಪುಟ್ಟ ಫೈಲ್‌ಗಳಿರುತ್ತವೆ, ಎಲ್ಲ ಬರೀ ಟೆಕ್ಸ್ಟ್. ಟೈಪ್ ಫೈಲ್ ತೆರೆದರೆ ಫರ್ಮ್‌ವೇರ್, ಪ್ಲಾಟ್‌ಫಾರ್ಮ್, ರಾ ಈ ಮೂರರಲ್ಲಿ ಒಂದಿರುತ್ತೆ. ಫರ್ಮ್‌ವೇರ್ ಅಂದರೆ ಬಯೋಸ್ (ಯಂತ್ರದ ಬೋರ್ಡಿನಲ್ಲೇ ಕೂತಿರೋ ಮೂಲ ಸಾಫ್ಟ್‌ವೇರ್) ಮೂಲಕ ಹೋಗೋ ದಾರಿ. ಪ್ಲಾಟ್‌ಫಾರ್ಮ್ ಅಂದರೆ ಲ್ಯಾಪ್‌ಟಾಪ್ ಕಂಪನಿಯ ಸ್ವಂತ ಏರ್ಪಾಡು. ರಾ ಅಂದರೆ ಗ್ರಾಫಿಕ್ಸ್ ಡ್ರೈವರ್ ನೇರವಾಗಿ ಎಲ್‌ಇಡಿ ಹಿಡಿತ ತಗೊಳ್ಳೋದು. ಒಂದಕ್ಕಿಂತ ಹೆಚ್ಚು ದಾರಿ ಇದ್ದರೆ ಡೆಸ್ಕ್‌ಟಾಪ್ ಇದೇ ಕ್ರಮದಲ್ಲಿ ಆರಿಸುತ್ತೆ: ಮೊದಲು ಫರ್ಮ್‌ವೇರ್, ಕೊನೆಗೆ ರಾ. ಬಹುತೇಕ ಗಲಾಟೆ ಹುಟ್ಟೋದು ಇಲ್ಲೇ.

ತಿಪಟೂರಿನ ನನ್ನ ಗೆಳೆಯ ಹೈಸ್ಕೂಲ್ ಮೇಷ್ಟ್ರು. ಅವನದ್ದು ಎರಡನೇ ತಲೆಮಾರಿನ ಐ3 ಇರೋ ಲ್ಯಾಪ್‌ಟಾಪ್, ಎಸ್‌ಎಸ್‌ಡಿ ಹಾಕಿಸಿ ಲಿನಕ್ಸ್ ಮಿಂಟ್ 21 ಇನ್‌ಸ್ಟಾಲ್ ಮಾಡಿದ್ದ. ಕೀ ಒತ್ತಿದರೆ ಪರದೆ ಮೇಲೆ ಆ ಸೂರ್ಯನ ಚಿಹ್ನೆ ಬರುತ್ತೆ, ಪಟ್ಟಿ ಇಳಿಯುತ್ತೆ, ಬೆಳಕು ಮಾತ್ರ ಹಂಗೇ. "ಕೀಬೋರ್ಡ್ ಹೋಗಿದೆ ಅನ್ಸುತ್ತೆ, ಬದಲಾಯಿಸ್ಲಾ?" ಅಂತ ಕೇಳಿದ. ಚಿಹ್ನೆ ಬರ್ತಿದೆ ಅಂದಮೇಲೆ ಕೀ ಸರಿಯಾಗೇ ಇದೆ ಮಾರಾಯ ಅಂದೆ. ಫೋಲ್ಡರ್ ತೆರೆದರೆ ಎರಡು ಹೆಸರು: 'ಎಸಿಪಿಐ ವಿಡಿಯೊ 0' (ಟೈಪ್ ಫರ್ಮ್‌ವೇರ್), 'ಇಂಟೆಲ್ ಬ್ಯಾಕ್‌ಲೈಟ್' (ಟೈಪ್ ರಾ). ಮೊದಲನೆಯದರ ಗರಿಷ್ಠ 15, ಎರಡನೆಯದರದ್ದು 4882. ಕೀ ಒತ್ತುತ್ತಾ ಮೊದಲನೆಯದರ 'ಬ್ರೈಟ್‌ನೆಸ್' ಫೈಲನ್ನ ಓದಿಸಿದೆ: 15, 14, 13. ಲೆಕ್ಕವೇನೋ ಇಳೀತಿದೆ, ಪರದೆ ಕದಲ್ತಿಲ್ಲ. ಆಮೇಲೆ ರೂಟ್ (ಅಡ್ಮಿನ್) ಅನುಮತಿಯಲ್ಲಿ ಎರಡನೆಯದರ ಅದೇ ಫೈಲಿಗೆ 1000 ಅಂತ ಬರೆಸಿದೆ. ಬೆಳಕು ತಕ್ಷಣ ಇಳೀತು. "ಅಯ್ಯೋ, ಬಂತಲ್ಲೋ!" ಅಂದ.

ಅಷ್ಟಕ್ಕೆ ರೋಗ ಗೊತ್ತಾಯ್ತು. ಡೆಸ್ಕ್‌ಟಾಪ್ ಮಾತಾಡ್ತಿದ್ದದ್ದು ಕೆಟ್ಟ ಫರ್ಮ್‌ವೇರ್ ದಾರಿ ಜೊತೆ, ಕೆಲಸ ಮಾಡೋ ದಾರಿ ಪಕ್ಕದಲ್ಲೇ ಸುಮ್ನೆ ಕೂತಿತ್ತು. ಬೇಕಿದ್ದದ್ದು ಒಂದೇ ಪ್ಯಾರಾಮೀಟರ್, 'ಎಸಿಪಿಐ ಬ್ಯಾಕ್‌ಲೈಟ್ = ನೇಟಿವ್' (ಇಂಗ್ಲಿಷಿನಲ್ಲಿ ಎಲ್ಲ ಸಣ್ಣಕ್ಷರ, ಮೊದಲೆರಡು ಪದಗಳ ನಡುವೆ ಅಂಡರ್‌ಸ್ಕೋರ್, ಎಲ್ಲೂ ಖಾಲಿ ಜಾಗ ಬೇಡ). ಇದನ್ನೂ ನೇರವಾಗಿ ಗ್ರಬ್ ಫೈಲಿಗೆ ಬರೀಬೇಡಿ. ಬೂಟ್ ಆಗುವಾಗ ಗ್ರಬ್ ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಅಂತ ಶುರುವಾಗೋ ಸಾಲಿನ ಕೊನೆಗೆ ಟೈಪ್ ಮಾಡಿ, ಎಫ್10 ಒತ್ತಿ. ಆ ಒಂದು ಬೂಟ್‌ಗೆ ಮಾತ್ರ ಅನ್ವಯ. ಫಲ ಸಿಕ್ಕರೆ ಖಾಯಂ ಮಾಡ್ಕೊಳ್ಳಿ, ಸಿಗದಿದ್ದರೆ ರೀಸ್ಟಾರ್ಟ್ ಮಾಡಿ, ಗುರುತೂ ಉಳಿಯಲ್ಲ.

ಒಂದು ಎಚ್ಚರಿಕೆ: ಕುತೂಹಲಕ್ಕೆ ಅಂತ 'ಬ್ರೈಟ್‌ನೆಸ್' ಫೈಲಿಗೆ 0 ಬರೀಬೇಡಿ. ಕೆಲವು ಯಂತ್ರಗಳಲ್ಲಿ 0 ಅಂದರೆ ಅತಿ ಮಂದ ಬೆಳಕು, ಇನ್ನು ಕೆಲವುದರಲ್ಲಿ ಪೂರ್ತಿ ಕತ್ತಲು. ಹಾಗಾದರೆ ಗಾಬರಿ ಬೇಡ, ರೀಸ್ಟಾರ್ಟ್ ಮಾಡಿ. ಲಿನಕ್ಸಿನ ಸೇವೆಗಳನ್ನ ನಡೆಸೋ ಸಿಸ್ಟಮ್‌ಡಿ ಹಳೇ ಬೆಳಕನ್ನ ನೆನಪಿಟ್ಟು ಮತ್ತೆ ಕೂರಿಸುವಾಗ ಪೂರ್ತಿ ಕತ್ತಲಾಗದಂತೆ ಕನಿಷ್ಠ ಮಟ್ಟವೊಂದನ್ನ ಕಾಯುತ್ತೆ.

"ವಿಂಡೋಸ್‌ನಲ್ಲಿ ಸರಿ ಇತ್ತಲ್ಲ" ಅನ್ನೋರಿಗೆ ಒಂದು ಕಥೆ ಹೇಳ್ಬೇಕು. ಬೂಟ್ ಆಗುವಾಗ ಲ್ಯಾಪ್‌ಟಾಪಿನ ಫರ್ಮ್‌ವೇರ್ ಆಪರೇಟಿಂಗ್ ಸಿಸ್ಟಮ್ ಅನ್ನ ಕೇಳುತ್ತೆ: ನೀನು ವಿಂಡೋಸ್ 2009 ಏನು? (ಅಂದರೆ ವಿಂಡೋಸ್ 7.) ವಿಂಡೋಸ್ 2012 ಏನು? (ಅಂದರೆ ವಿಂಡೋಸ್ 8.) ಲಿನಕ್ಸ್ ಕರ್ನಲ್ ಎಲ್ಲದಕ್ಕೂ "ಹೌದು" ಅನ್ನುತ್ತೆ. "ನೀನು ಲಿನಕ್ಸ್ ಏನು?" ಅಂದರೆ ಮಾತ್ರ "ಅಲ್ಲ" ಅನ್ನುತ್ತೆ! ತಮಾಷೆ ಅಲ್ಲ, ಬೇಕಂತಲೇ ಹಾಗೆ ಮಾಡಿರೋದು. ಕಂಪನಿಗಳು ಪರೀಕ್ಷೆ ಮಾಡೋದು ವಿಂಡೋಸ್ ದಾರಿಯನ್ನ ಮಾತ್ರ, ಲಿನಕ್ಸ್ ಅಂದರೆ ಫರ್ಮ್‌ವೇರ್ ಯಾರೂ ನಡೆದು ನೋಡದ ದಾರಿಗೆ ತಳ್ಳಿಬಿಡುತ್ತೆ. ಹಂಗಿರುವಾಗ ಗ್ರಬ್‌ಗೆ 'ಎಸಿಪಿಐ ಓಎಸ್‌ಐ = ಲಿನಕ್ಸ್' (ಅಂದರೆ ಆ ಕೊನೇ ಪ್ರಶ್ನೆಗೂ "ಹೌದು" ಅನ್ನು ಅಂತ) ಹಾಕಿ ಅಂತ ಸಲಹೆ ಕೊಡೋರು ಏನು ಮಾಡಿಸ್ತಿದ್ದಾರೆ ಅಂತ ಯೋಚಿಸಿ.

ವಿಂಡೋಸ್ 8 ಬಂದಾಗ ಬೆಳಕಿನ ಕೆಲಸ ಗ್ರಾಫಿಕ್ಸ್ ಡ್ರೈವರ್ ಕಡೆ ಹೋಯ್ತು. ಫರ್ಮ್‌ವೇರ್‌ನ ಹಳೇ ಕೋಡ್ ಎಷ್ಟೋ ಯಂತ್ರಗಳಲ್ಲಿ ಹಂಗೇ ಉಳೀತು, ವಿಂಡೋಸ್ ಅದನ್ನ ಮುಟ್ಟದೇ ಇದ್ದದ್ದರಿಂದ ಕೆಟ್ಟಿದ್ದರೂ ಯಾರ ಗಮನಕ್ಕೂ ಬರಲಿಲ್ಲ. ಲಿನಕ್ಸ್ ಮುಟ್ಟಿತು, ಬೈಗುಳ ತಿಂತು.

ಫೋಲ್ಡರ್ ಪೂರ್ತಿ ಖಾಲಿ ಇದ್ದರೆ? ಆಗ ನನ್ನ ಮೊದಲ ಅನುಮಾನ 'ನೋಮೋಡ್‌ಸೆಟ್' ಅನ್ನೋ ಪ್ಯಾರಾಮೀಟರ್ ಮೇಲೆ. ಇನ್‌ಸ್ಟಾಲ್ ಮಾಡುವಾಗ ಪರದೆ ಕಪ್ಪಾಯ್ತು ಅಂತ ಯಾರೋ ಅದನ್ನ ಸೇರಿಸಿರ್ತಾರೆ, ಆಮೇಲೆ ತೆಗೆಯಲ್ಲ. ಅದು ಇರೋ ತನಕ ಗ್ರಾಫಿಕ್ಸ್ ಡ್ರೈವರ್ ಏಳೋದೇ ಇಲ್ಲ, ಡ್ರೈವರ್ ಇಲ್ಲದೆ ರಾ ದಾರಿಯೂ ಇಲ್ಲ. ವಿಡಿಯೊ ತಡೆತಡೆದು ಓಡುತ್ತೆ, ಫ್ಯಾನ್ ಕಿರುಚುತ್ತೆ, ಜನ "ಲಿನಕ್ಸ್ ಅಂದ್ರೆ ಇಷ್ಟೇ" ಅಂತಾರೆ. 'ಪ್ರಾಕ್' ಡೈರೆಕ್ಟರಿಯ 'ಸಿಎಂಡಿಲೈನ್' ಫೈಲ್ ಓದಿದರೆ ಯಂತ್ರ ಯಾವ ಪ್ಯಾರಾಮೀಟರ್‌ಗಳ ಜೊತೆ ಎದ್ದಿದೆ ಅಂತ ಗೊತ್ತಾಗುತ್ತೆ. ಅಲ್ಲಿ ಆ ಪದ ಕಂಡರೆ ತೆಗೆದು ನೋಡಿ. ಬ್ರೈಟ್‌ನೆಸ್ ದೂರು ಹೇಳ್ಕೊಂಡು ಬಂದವರು ಫ್ಯಾನ್ ಸದ್ದೂ ನಿಂತಿತು ಅಂತ ಖುಷಿಯಾಗಿ ಹೋಗಿದ್ದಾರೆ.

ಹೊಸ ಯಂತ್ರಗಳ ಕಾಟ ಬೇರೆ ಥರದ್ದು. ಓಲೆಡ್ ಪರದೆಗೆ ಹಿಂದೆ ಎಲ್‌ಇಡಿ ದೀಪವೇ ಇಲ್ಲ, ಹೀಗಾಗಿ ಬೆಳಕಿನ ಲೆಕ್ಕವನ್ನ ಡಿಸ್‌ಪ್ಲೇ ಕೇಬಲ್ ಮೂಲಕ ಪರದೆಗೇ ಹೇಳಬೇಕು. ಎಎಂಡಿ ಲ್ಯಾಪ್‌ಟಾಪ್‌ನಲ್ಲಿ ಚಾರ್ಜರ್ ಕಿತ್ತ ತಕ್ಷಣ ಬಣ್ಣ ಕಳೆಗುಂದಿದರೆ ಅದು ಕೆಟ್ಟಿರೋದಲ್ಲ, ವಿದ್ಯುತ್ ಉಳಿಸೋ ವ್ಯವಸ್ಥೆಯ ಕೈವಾಡ ಇರಬಹುದು. ಪವರ್ ಮೋಡ್ 'ಬ್ಯಾಲೆನ್ಸ್ಡ್' ಮಾಡಿ ನೋಡಿ. ಹೊರಗಡೆಯ ಮಾನಿಟರ್ ಆದರೆ ಈ ಫೋಲ್ಡರ್‌ಗೆ ಸಾಮಾನ್ಯವಾಗಿ ಬರೋದೇ ಇಲ್ಲ, ಅದಕ್ಕೆ 'ಡಿಡಿಸಿಯುಟಿಲ್' ಅನ್ನೋ ಸಾಧನ ಬೇಕು.

ಇನ್ನು ಕರ್ನಲ್ 6.1. 2022ರ ಡಿಸೆಂಬರ್‌ನಲ್ಲಿ ಬಂದ ಇದರಲ್ಲಿ ಹಾನ್ಸ್ ಡಿ ಗೋಡೆ ಅನ್ನೋ ಡೆವಲಪರ್ ಈ ಗೊಂದಲವನ್ನ ಬುಡದಿಂದ ಸರಿ ಮಾಡಿದರು. ಒಂದು ಪರದೆಗೆ ಒಂದೇ ದಾರಿ, ಯಾವುದು ಅಂತ ಕರ್ನಲ್ಲೇ ತೀರ್ಮಾನ ಮಾಡುತ್ತೆ. ಹೀಗಾಗಿ ಹೊಸ ಕರ್ನಲ್‌ನಲ್ಲಿ ನನ್ನ ಗೆಳೆಯನಿಗೆ ಕಂಡ ಹಾಗೆ ಎರಡೆರಡು ಹೆಸರು ಕಾಣೋದು ಅಪರೂಪ. ಒಂದೇ ಕಾಣುತ್ತೆ, ತೀರ್ಮಾನ ತಪ್ಪಾಗಿದ್ದರೆ ಅದೇ ಪ್ಯಾರಾಮೀಟರ್ ಕೊಟ್ಟು ಇನ್ನೊಂದನ್ನ ಕರೆಸಬೇಕು.

ತೀರ್ಮಾನ ತಪ್ಪಾಗೋ ಮಾಡೆಲ್‌ಗಳದ್ದೇ ಒಂದು ಪಟ್ಟಿ ಕರ್ನಲ್ ಕೋಡ್‌ನಲ್ಲಿದೆ, ಕಂಪನಿ ಹೆಸರು, ಮಾಡೆಲ್ ಹೆಸರು, ಯಾವ ದಾರಿ ಹಿಡೀಬೇಕು ಅನ್ನೋದರ ಸಮೇತ. ಆ ಸಾಲುಗಳಲ್ಲಿ ಹೆಚ್ಚಿನವು ಬಂದಿರೋದು ಯಾರೋ ಬಳಕೆದಾರರು ದೂರು ಕೊಟ್ಟಿದ್ದರಿಂದ. ನಾವು ಮಾತ್ರ ಗ್ರಬ್‌ನಲ್ಲಿ ಒಂದು ಸಾಲು ಬರೆದು ಕೈ ತೊಳ್ಕೊಳ್ತೀವಿ. ಅದೇ ಮಾಡೆಲ್ ಇಟ್ಕೊಂಡಿರೋ ಇನ್ನೊಬ್ಬರು ಮೊದಲಿಂದ ಒದ್ದಾಡ್ತಾರೆ.

ಆದ್ದರಿಂದ ನಿಮ್ಮ ಯಂತ್ರಕ್ಕೆ ಪ್ಯಾರಾಮೀಟರ್ ಬೇಕಾಗಿ ಬಂದಿದ್ದರೆ, ಹೊಸ ಕರ್ನಲ್‌ನಲ್ಲೂ ಬೇಕೇ ಅಂತ ಪೆನ್‌ಡ್ರೈವ್‌ನಿಂದ ಲೈವ್ ಬೂಟ್ ಮಾಡಿ ಒಮ್ಮೆ ನೋಡಿ. ಬೇಕು ಅಂತಾದರೆ 'ಸಿಸ್, ಕ್ಲಾಸ್, ಡಿಎಂಐ, ಐಡಿ' ಫೋಲ್ಡರ್‌ನಲ್ಲಿ ಕಂಪನಿ ಮತ್ತು ಮಾಡೆಲ್ ಹೆಸರಿನ ಫೈಲ್‌ಗಳಿವೆ. ಅವೆರಡು, ಕರ್ನಲ್ ಆವೃತ್ತಿ, ಪ್ಯಾರಾಮೀಟರ್ ಹಾಕೋ ಮುಂಚೆ ಮತ್ತು ಹಾಕಿದ ಮೇಲೆ ಬ್ಯಾಕ್‌ಲೈಟ್ ಫೋಲ್ಡರ್‌ನಲ್ಲಿ ಕಂಡ ಹೆಸರು, ಇಷ್ಟನ್ನ ಸೇರಿಸಿ ನಿಮ್ಮ ಡಿಸ್ಟ್ರೋದವರಿಗೆ (ಮಿಂಟ್ ಥರ ನೀವು ಹಾಕ್ಕೊಂಡಿರೋ ಲಿನಕ್ಸ್ ತಯಾರಿಸೋರಿಗೆ) ಒಂದು ಬಗ್ ರಿಪೋರ್ಟ್ ಹಾಕಿ. ಇಂಗ್ಲಿಷ್‌ನಲ್ಲಿ ಬರೆಯೋಕೆ ಹಿಂಜರಿಕೆ ಇದ್ದರೆ ಕನ್ನಡದಲ್ಲೇ ನನಗೆ ಕಳಿಸಿ, ನಾನು ಬರೆದು ಹಾಕ್ತೀನಿ. ಮೇಷ್ಟ್ರದ್ದು ಹಾಕಾಯ್ತು.