ಗುಡುಗು ಮಾತ್ರ, ಮಳೆಯಿಲ್ಲ

ನಮ್ಮ ಕಮೋಡಿನ ಫ್ಲಶ್ ಗುಂಡಿ ಒತ್ತಿದರೆ ಸದ್ದೇನೋ ಇಡೀ ಮನೆಗೆ ಕೇಳುತ್ತಿತ್ತು. ನೀರು ಮಾತ್ರ ಪಿಂಗಾಣಿಯನ್ನು ಸವರಿಕೊಂಡು ಇಳಿದು, ಕೆಳಗಿದ್ದುದಕ್ಕೆ ಒಂದು ಪ್ರದಕ್ಷಿಣೆ ಹಾಕಿಸಿ, ಅಲ್ಲೇ ಬಿಟ್ಟು ಹೋಗುತ್ತಿತ್ತು.

ಸಲಹೆಗಳಿಗೆ ಬರವಿರಲಿಲ್ಲ. ಪಕ್ಕದ ಮನೆಯವರು ವಾಸ್ತುದೋಷ ಎಂದರು. ಪ್ಲಂಬರ್ ಬಂದವನು ಟ್ಯಾಂಕಿನ ಮುಚ್ಚಳವನ್ನೂ ಎತ್ತದೆ, ಬಾಗಿಲಲ್ಲೇ ನಿಂತು, "ಪೈಪ್ ಕಟ್ಟಿದೆ, ಟೈಲ್ಸ್ ಒಡೆಯಬೇಕು" ಎಂದು ತೀರ್ಪು ಕೊಟ್ಟ. ಟೈಲ್ಸ್ ಎಂದದ್ದೇ ತಡ, ನನ್ನ ಹೆಂಡತಿ ಬಕೆಟ್ ತುಂಬ ನೀರು ತಂದು ಒಂದೇ ಸಲಕ್ಕೆ ಕಮೋಡಿಗೆ ಸುರಿದಳು. ಗುಳಕ್ ಎಂದು ಎಲ್ಲವೂ ಮಾಯ! ಪೈಪ್ ಕಟ್ಟಿದ್ದರೆ ನೀರು ಮೇಲೇರಿ ನಿಲ್ಲಬೇಕಿತ್ತು. ಅಂದಮೇಲೆ ದೋಷ ಕೆಳಗಿಲ್ಲ, ಮೇಲಿದೆ. ಪ್ಲಂಬರ್‌ನಿಗೆ ಚಹಾ ಕೊಟ್ಟು ಕಳಿಸಿದೆವು.

ಮುಚ್ಚಳ ಎತ್ತಿದೆ. ಆರು ಲೀಟರಿನ ಟ್ಯಾಂಕಿನೊಳಗೆ, ಹೊಟ್ಟೆ ತುಂಬ ಮರಳು ತುಂಬಿಕೊಂಡ ಒಂದು ಲೀಟರಿನ ಬಾಟಲಿ ನೆಟ್ಟಗೆ ಕುಳಿತಿತ್ತು. ಸಾಲದ್ದಕ್ಕೆ, ನೀರು ಎಲ್ಲಿಯವರೆಗೆ ತುಂಬಬೇಕೆಂದು ನಿರ್ಧರಿಸುವ ಫ್ಲೋಟಿನ ತಿರುಪನ್ನೂ ಯಾರೋ ತಿರುಗಿಸಿದ್ದರು. ಓವರ್‌ಫ್ಲೋ ಕೊಳವೆಯ ಬಾಯಿಗಿಂತ ಒಂದಂಗುಲ ಕೆಳಗಿರಬೇಕಾದ ನೀರು ನಾಲ್ಕು ಬೆರಳು ಕೆಳಗಿತ್ತು.

ಯಾರೋ ಏನು ಬಂತು, ನಮ್ಮ ಮಾವನವರೇ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ನಾವೆಲ್ಲ ಕಾದು ಕುಳಿತಿದ್ದಾಗ ಅವರು ಕೈಗೊಂಡ ಗುಪ್ತ ಕಾರ್ಯಾಚರಣೆಯಿದು. ಮಳೆ ಬಂದರೂ ಅದನ್ನು ಹಿಂತೆಗೆದುಕೊಂಡಿರಲಿಲ್ಲ.

ಬಾಟಲಿ ತೆಗೆದು ತಿರುಪು ಸರಿಪಡಿಸಿದ ಮೇಲೂ ಅರ್ಧ ರಭಸವಷ್ಟೇ ಬಂತು. ಕಮೋಡಿನ ಅಂಚಿನಡಿ ಕೈಗನ್ನಡಿ ಹಿಡಿದರೆ (ಆ ಕನ್ನಡಿ ಮತ್ತೆ ಡ್ರೆಸಿಂಗ್ ಟೇಬಲ್ ಕಾಣಲಿಲ್ಲ) ನೀರು ಬರುವ ತೂತುಗಳ ಬಾಯಿಗೆಲ್ಲ ಬೂದುಬಣ್ಣದ ಗಟ್ಟಿ ಹಕ್ಕಳೆ. ಬೋರ್‌ವೆಲ್ಲಿನ ಗಡಸು ನೀರು ವರ್ಷಗಟ್ಟಲೆ ಬಿಟ್ಟುಹೋದ ಸುಣ್ಣ ಅದು. ವಿನಿಗರ್‌ನಲ್ಲಿ ನೆನೆಸಿದ ಟಿಶ್ಯೂ ಕಾಗದವನ್ನು ರಾತ್ರಿಯಿಡೀ ಅಂಚಿಗೆ ಒತ್ತಿಟ್ಟು, ಬೆಳಿಗ್ಗೆ ತಂತಿಯಿಂದ ಒಂದೊಂದೇ ತೂತು ಬಿಡಿಸಿದೆ. ಇಂಥ ಹೊತ್ತಿನಲ್ಲಿ ಆಸಿಡ್ ಸುರಿದು, ಅದರ ಮೇಲೆ ಬ್ಲೀಚಿಂಗ್ ಪುಡಿಯನ್ನೂ ಎರಚುವ ಶೂರರಿದ್ದಾರೆ. ಅವೆರಡೂ ಸೇರಿದರೆ ಏಳುವುದು ಕ್ಲೋರಿನ್ ಅನಿಲ, ಶುಚಿತ್ವವಲ್ಲ.

ಈಗ ಗುಂಡಿ ಒತ್ತಿದರೆ ಜಲಪಾತ.

ಮಾವನವರಿಗೆ ಲೆಕ್ಕ ಒಪ್ಪಿಸಿದೆ: ಒಂದು ಲೀಟರ್ ಉಳಿಸಲು ಹೋಗಿ ಮನೆಮಂದಿಯೆಲ್ಲ ಎರಡೆರಡು ಸಲ ಒತ್ತಿದ್ದೇವೆ. ನಿವೃತ್ತ ಲೆಕ್ಕಾಧಿಕಾರಿಗಳು ಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಕೂಡಿ ಕಳೆದು, ಕನ್ನಡಕ ಸರಿಪಡಿಸಿಕೊಂಡು, "ಹಾಗಾದರೆ ಅರ್ಧ ಲೀಟರಿನ ಬಾಟಲಿ ಇಡೋಣ" ಎಂದರು.